ಒಂದೇ ಬೇರು, ಮೂರು ಸಭೆ: ಮಾರ್ಮನ್ ಮತವನ್ನು ‘ಕಲ್ಟ್’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನನ್ನನ್ನು ಇಲ್ಲಿಗೆ ಕರೆದ ಗೆಳೆಯರು ಕೇಳಿದ್ದು ಒಂದೇ ಪ್ರಶ್ನೆ. ಮಾರ್ಮನ್ನರದ್ದು ಧರ್ಮವೋ, ಕಲ್ಟೋ? ಒಂದು ಗಂಟೆಯಲ್ಲಿ ಹೇಳಿಬಿಡಿ ಅಂದರು. ಟಿಪ್ಪಣಿ ಮಾಡಲು ಕೂತಾಗ ಮೊದಲ ತೊಡಕು ಬಂದದ್ದು ಆ ‘ಕಲ್ಟ್’ ಅನ್ನೋ ಪದದಲ್ಲೇ. ಕನ್ನಡದಲ್ಲಿ ಅದಕ್ಕೆ ಏನನ್ನಬೇಕು? ಕೆಲವರು ಪಂಥ ಅಂತ ಬರೆಯುತ್ತಾರೆ. ಆದರೆ ಪಂಥ ನಮಗೆ ಬೈಗುಳ ಅಲ್ಲ. ನಾಥ ಪಂಥ, ವಾರಕರಿ ಪಂಥ, ದತ್ತ ಪಂಥ ಅಂತ ಗೌರವದಿಂದಲೇ ಹೇಳುತ್ತೇವೆ. ಪಂಥ ಅಂದರೆ ದಾರಿ, ಅಷ್ಟೇ. ‘ಇವರು ಮೋಸ ಮಾಡುವವರು, ಇವರ ಹತ್ತಿರ ಸುಳಿಯಬೇಡಿ’ ಅನ್ನೋ ಎಚ್ಚರಿಕೆಯನ್ನೆಲ್ಲ ಒಂದೇ ಮಾತಿನಲ್ಲಿ ತುಂಬಿಕೊಂಡ ಪದ ನಮ್ಮಲ್ಲಿ ನನಗೆ ಸಿಗಲಿಲ್ಲ. ಹಾಗಾಗಿ ಕಲ್ಟ್ ಅನ್ನೋ ಪದವನ್ನೇ ಬಳಸುತ್ತೇನೆ.

ನಿಮ್ಮಲ್ಲಿ ಕೆಲವರು ಈ ಜನರನ್ನು ನೋಡಿರಬಹುದು. ಬೆಂಗಳೂರಿನಲ್ಲಿ ಬಿಳಿ ಷರ್ಟು, ಟೈ, ಎದೆಯ ಮೇಲೆ ಕಪ್ಪು ಬ್ಯಾಡ್ಜು ಹಾಕಿಕೊಂಡು ಇಬ್ಬಿಬ್ಬರಾಗಿ ಓಡಾಡುವ ಹುಡುಗರು. ಬ್ಯಾಡ್ಜಿನಲ್ಲಿ ‘ಎಲ್ಡರ್’ ಅಂತ ಇರುತ್ತದೆ, ಅಂದರೆ ಹಿರಿಯ. ನೋಡಿದರೆ ಇನ್ನೂ ಹತ್ತೊಂಬತ್ತು, ಇಪ್ಪತ್ತು ವಯಸ್ಸು. ಅವರ ಸಭೆಯ ಪೂರ್ತಿ ಹೆಸರು ‘ಅಂತ್ಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’. ಚಿಕ್ಕದಾಗಿ ಎಲ್‌ಡಿಎಸ್. ಮಾರ್ಮನ್ ಅನ್ನೋ ಅಡ್ಡಹೆಸರು ಬೇಡ ಅಂತ ಅವರ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. ಆ ಕೋರಿಕೆಯ ಮೇಲೆ ನನಗೆ ಗೌರವ ಇದೆ. ಆದರೆ ಇವತ್ತು ನಾನು ಒಂದಲ್ಲ, ಮೂರು ಸಭೆಗಳ ಬಗ್ಗೆ ಹೇಳಬೇಕು. ಮೂರಕ್ಕೂ ಸೇರಿ ಆ ಹಳೆಯ ಹೆಸರೇ ಬೇಕಾಗುತ್ತದೆ. ಅದೇ 2018ರ ಏಪ್ರಿಲ್‌ನಲ್ಲಿ ನೆಲ್ಸನ್ ಬೆಂಗಳೂರಿನಲ್ಲಿ ಒಂದು ದೇವಾಲಯ ಕಟ್ಟುವುದಾಗಿ ಹೇಳಿದರು. ಭಾರತದಲ್ಲಿ ಅವರ ಮೊದಲ ದೇವಾಲಯ ಅದು. 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಹಾಕಿದರು. ಹಾಗಾಗಿ ಇದು ನಮಗೆ ಪೂರ್ತಿ ದೂರದ ಸಂಗತಿ ಏನಲ್ಲ.

ಅವರನ್ನು ಕಲ್ಟ್ ಅಂತ ಕರೆದವರು ಯಾರು ಅಂತ ನೋಡೋಣ. ಅಮೆರಿಕದಲ್ಲಿ ಈ ಮಾತನ್ನು ಜಾಸ್ತಿ ಹೇಳಿದ್ದು ಇವ್ಯಾಂಜೆಲಿಕಲ್ ಕ್ರೈಸ್ತರು, ಅಂದರೆ ಬೈಬಲ್ಲಿನ ಮಾತೇ ಅಂತಿಮ ಅನ್ನುವ ಪ್ರೊಟೆಸ್ಟೆಂಟರು. ಅವರ ತಕರಾರು ನಂಬಿಕೆಯದ್ದು. ತಂದೆ, ಮಗ, ಪವಿತ್ರಾತ್ಮ ಒಂದೇ ದೇವರು ಅನ್ನೋದು ಬಹುತೇಕ ಕ್ರೈಸ್ತರ ನಂಬಿಕೆ. ಮಾರ್ಮನ್ನರು ಮೂವರೂ ಬೇರೆಬೇರೆ ಅನ್ನುತ್ತಾರೆ. ತಂದೆಗೂ ಮೈ ಇದೆ ಅನ್ನುತ್ತಾರೆ. ಬೈಬಲ್ ಜೊತೆಗೆ ಇನ್ನೊಂದು ಗ್ರಂಥ ಇಟ್ಟುಕೊಂಡಿದ್ದಾರೆ. ಇವರ ದೀಕ್ಷಾಸ್ನಾನ ಸಿಂಧುವಲ್ಲ ಅಂತ ವ್ಯಾಟಿಕನ್ ಕೂಡ 2001ರಲ್ಲಿ ಹೇಳಿತು. ಸರಿ. ನಮ್ಮ ಮನೆಯ ನಂಬಿಕೆ ಇದು, ನಿಮ್ಮದು ಬೇರೆ ಅಂತ ಹೇಳುವ ಹಕ್ಕು ಯಾವ ಸಭೆಗೂ ಇದೆ. ಆದರೆ ಅದನ್ನು ಹೇಳಲು ‘ಕಲ್ಟ್’ ಅಂದರೆ, ಕೇಳುವವನ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. 1978ರ ನವೆಂಬರ್‌ನಲ್ಲಿ ಗಯಾನಾದ ಜೋನ್ಸ್‌ಟೌನಿನಲ್ಲಿ ಜಿಮ್ ಜೋನ್ಸ್ ಎಂಬ ಗುರುವಿನ ಗುಂಪಿನ ಒಂಬೈನೂರಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಜನರಲ್ಲಿ ಎಷ್ಟೋ ಮಕ್ಕಳು. ಆಮೇಲೆ ಆ ಪದದ ಬಣ್ಣವೇ ಬದಲಾಯಿತು. ದೇವರು ಮೂವರೋ ಒಬ್ಬನೋ ಅನ್ನೋ ವಾದಕ್ಕೂ ಮಕ್ಕಳಿಗೆ ವಿಷ ಕುಡಿಸಿದ್ದಕ್ಕೂ ಒಂದೇ ಹೆಸರಾಯಿತು. ಇದು ನನಗೆ ತಪ್ಪು ಅನಿಸುತ್ತದೆ.

2012ರಲ್ಲಿ ಮಾರ್ಮನ್ನರಾದ ಮಿಟ್ ರಾಮ್ನಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಹಿಂದಿನ ವರ್ಷವೇ ಡಲ್ಲಾಸ್‌ನ ಪಾಸ್ಟರ್ ರಾಬರ್ಟ್ ಜೆಫ್ರೆಸ್, ರಾಮ್ನಿಯವರ ಮತವನ್ನು ಬಹಿರಂಗವಾಗಿ ಕಲ್ಟ್ ಅಂದಿದ್ದರು. ಹೆಸರಾಂತ ಇವ್ಯಾಂಜೆಲಿಕಲ್ ಬೋಧಕ ಬಿಲ್ಲಿ ಗ್ರಹಾಂ ಅವರ ಸಂಸ್ಥೆಯ ವೆಬ್‌ಸೈಟಿನಲ್ಲೂ ಕಲ್ಟ್‌ಗಳ ಸಾಲಿನಲ್ಲಿ ಮಾರ್ಮನ್ ಮತ ಇತ್ತು. ಅಕ್ಟೋಬರ್‌ನಲ್ಲಿ ರಾಮ್ನಿ ಹೋಗಿ ಗ್ರಹಾಂ ಅವರನ್ನು ಭೇಟಿ ಮಾಡಿದರು. ಕೆಲವೇ ದಿನಗಳಲ್ಲಿ ಆ ಬರಹ ವೆಬ್‌ಸೈಟಿನಿಂದ ಹೋಯಿತು. ಆ ಒಂದು ವಾರದಲ್ಲಿ ಮಾರ್ಮನ್ ನಂಬಿಕೆಯಲ್ಲಿ ಏನೂ ಬದಲಾಗಿರಲಿಲ್ಲ. ಒಂದು ಭೇಟಿಗೆ ಬಿದ್ದುಹೋಗುವ ಹೆಸರನ್ನು ಅಳತೆಗೋಲು ಮಾಡಿಕೊಳ್ಳೋದು ಹೇಗೆ?

ಹಾಗಂತ ಪ್ರಶ್ನೆಯನ್ನೇ ಕೈಬಿಡೋಕೆ ನನಗೆ ಮನಸ್ಸಿಲ್ಲ. ಈ ಸಭೆ ಬಿಟ್ಟುಬಂದ ಎಷ್ಟೋ ಜನ ತಮಗಾದ ನೋವಿಗೆ ಇದೇ ಪದ ಬಳಸುತ್ತಾರೆ. ಅವರ ಮಾತನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಅದಕ್ಕೇ ಬೇರೆ ದಾರಿ ಹಿಡಿಯುತ್ತೇನೆ. ಜೋಸೆಫ್ ಸ್ಮಿತ್ ಎಂಬ ಒಬ್ಬನೇ ಮನುಷ್ಯನಿಂದ ಹೊರಟ ಮೂರು ಸಭೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಸ್ಮಿತ್ ಹುಟ್ಟಿದ್ದು 1805ರಲ್ಲಿ, ವರ್ಮಾಂಟ್‌ನಲ್ಲಿ. ಬಡ ರೈತನ ಮಗ. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಊರಿನ ಹತ್ತಿರದ ಗುಡ್ಡದಲ್ಲಿ ದೇವದೂತ ತನಗೆ ಚಿನ್ನದ ತಗಡುಗಳನ್ನು ತೋರಿಸಿದ ಅಂದ. ಅವುಗಳ ಅನುವಾದ ಅಂತ ಒಂದು ಗ್ರಂಥ 1830ರಲ್ಲಿ ಅಚ್ಚಾಯಿತು. ಅದೇ ಮಾರ್ಮನ್ ಗ್ರಂಥ. ಅದೇ ವರ್ಷ ಏಪ್ರಿಲ್ 6ಕ್ಕೆ ಸಭೆ ಶುರುವಾಯಿತು. ಜನ ಸೇರಿದರು, ಹಿಂದೆಯೇ ವಿರೋಧವೂ ಬಂತು. ಓಹಾಯೊ, ಅಲ್ಲಿಂದ ಮಿಸೌರಿ. ಮಿಸೌರಿಯಲ್ಲಿ ಆದದ್ದನ್ನು ನಾನು ಯಾವತ್ತೂ ಮರೆಯಲಾರೆ. 1838ರ ಅಕ್ಟೋಬರ್ 27ರಂದು ಅಲ್ಲಿನ ಗವರ್ನರ್ ಲಿಲ್ಬರ್ನ್ ಬಾಗ್ಸ್ ಒಂದು ಆದೇಶ ಹೊರಡಿಸಿದರು. ಮಾರ್ಮನ್ನರನ್ನು ನಿರ್ನಾಮ ಮಾಡಿ, ಇಲ್ಲವೇ ರಾಜ್ಯದಿಂದ ಓಡಿಸಿ ಅನ್ನೋದು ಅದರ ತಿರುಳು. ಮೂರೇ ದಿನಕ್ಕೆ ಹಾನ್ಸ್ ಮಿಲ್ ಎಂಬಲ್ಲಿ ಗುಂಪೊಂದು ನುಗ್ಗಿ 17 ಜನರನ್ನು ಕೊಂದಿತು. ಆ ಆದೇಶವನ್ನು ಅಧಿಕೃತವಾಗಿ ಹಿಂತೆಗೆದುಕೊಂಡಿದ್ದು 1976ರಲ್ಲಿ. ‘ಇವರು ಅಪಾಯದ ಜನ’ ಅಂತ ಒಂದು ಇಡೀ ಸಮುದಾಯಕ್ಕೆ ಹಣೆಪಟ್ಟಿ ಕಟ್ಟಿದರೆ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇದನ್ನೇ.

ಓಡಿಬಂದವರು ಇಲಿನಾಯ್ ರಾಜ್ಯದಲ್ಲಿ, ಮಿಸಿಸಿಪಿ ನದಿಯ ದಡದಲ್ಲಿ, ‘ನಾವೂ’ (Nauvoo) ಅನ್ನೋ ಊರು ಕಟ್ಟಿದರು. ಈ ಊರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಇಲ್ಲಿ ಸ್ಮಿತ್ ಪ್ರವಾದಿ. ಅವನೇ ಮೇಯರ್. ಮೇಯರ್ ಆದ್ದರಿಂದ ನಗರದ ನ್ಯಾಯಾಲಯಕ್ಕೂ ಅವನೇ ಮುಖ್ಯಸ್ಥ. ನಾವೂ ಲೀಜನ್ ಎಂಬ ಊರಿನ ಪಡೆಗೆ ಅವನೇ ಲೆಫ್ಟಿನೆಂಟ್ ಜನರಲ್. 1844ರಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೂ ನಿಂತಿದ್ದ. ಇದೆಲ್ಲದರ ಒಳಗೆ ಒಂದು ಗುಟ್ಟು ಇತ್ತು. ಅವನು ಮತ್ತು ಹತ್ತಿರದ ಕೆಲವರು ಹಲವು ಹೆಂಗಸರನ್ನು ಮದುವೆಯಾಗುತ್ತಿದ್ದರು. ಹೊರಗೆ ಕೇಳಿದವರಿಗೆ ಹಾಗೇನೂ ಇಲ್ಲ ಅನ್ನುತ್ತಿದ್ದರು. ಮೊದಲ ಹೆಂಡತಿ ಎಮ್ಮಾಳಿಗೂ ಎಲ್ಲ ತಿಳಿದಿರಲಿಲ್ಲ. ಆ ಹೆಂಗಸರಲ್ಲಿ ಒಬ್ಬಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಇದು ವೈರಿಗಳು ಹಬ್ಬಿಸಿದ ಕತೆ ಅಲ್ಲ. ಎಲ್‌ಡಿಎಸ್ ಸಭೆಯೇ 2014ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದನ್ನು ಒಪ್ಪಿಕೊಂಡಿದೆ.

ಸ್ಮಿತ್‌ನ ಸಲಹೆಗಾರನಾಗಿದ್ದ ವಿಲಿಯಂ ಲಾ ಇದನ್ನು ಸಹಿಸಲಿಲ್ಲ. ಸಭೆ ಅವನನ್ನು ಹೊರಹಾಕಿತು. ಅವನು ಗೆಳೆಯರ ಜೊತೆ ಸೇರಿ ‘ನಾವೂ ಎಕ್ಸ್‌ಪೊಸಿಟರ್’ ಎಂಬ ಪತ್ರಿಕೆ ತಂದ. 1844ರ ಜೂನ್ 7ಕ್ಕೆ ಮೊದಲ ಸಂಚಿಕೆ. ಗುಟ್ಟಿನ ಮದುವೆಗಳ ಬಗ್ಗೆ, ಒಬ್ಬನ ಕೈಯಲ್ಲೇ ಎಲ್ಲ ಅಧಿಕಾರ ಸೇರಿದ್ದರ ಬಗ್ಗೆ ಬರೆದಿದ್ದರು. ಅದೇ ಕೊನೆಯ ಸಂಚಿಕೆಯೂ ಆಯಿತು. ಮೂರು ದಿನಕ್ಕೆ ನಗರಸಭೆ ಪತ್ರಿಕೆಯನ್ನು ಸಾರ್ವಜನಿಕ ಪೀಡೆ ಅಂತ ಘೋಷಿಸಿತು. ಮೇಯರ್ ಸ್ಮಿತ್‌ನ ಆಜ್ಞೆಯಂತೆ ಅಚ್ಚಿನ ಯಂತ್ರವನ್ನು ಬೀದಿಗೆ ತಂದು ಒಡೆದರು. ಅದರಿಂದ ಎದ್ದ ಗಲಾಟೆಯಲ್ಲೇ ಸ್ಮಿತ್ ಕಾರ್ಥೇಜ್ ಜೈಲು ಸೇರಿದ. ಜೂನ್ 27ರಂದು ಗುಂಪೊಂದು ಜೈಲಿಗೆ ನುಗ್ಗಿ ಅವನನ್ನೂ ಅವನ ಅಣ್ಣ ಹೈರಮ್‌ನನ್ನೂ ಗುಂಡಿಕ್ಕಿ ಕೊಂದಿತು.

1844ರ ನಾವೂ ಊರಿನ ಬಗ್ಗೆ ಕೇಳಿದರೆ ನಾನು ಹಿಂಜರಿಯದೆ ಹೇಳುತ್ತೇನೆ. ಇವತ್ತು ನಾವು ಕಲ್ಟ್ ಅಂದಾಗ ಹೆದರುವ ಲಕ್ಷಣಗಳು ಅಲ್ಲಿ ಇದ್ದವು. ದೇವರ ಮಾತು ಹೇಳುವವನೇ ತೀರ್ಪು ಕೊಡುವವನು. ಒಳಗಿನವರಿಗೆ ಒಂದು ಸತ್ಯ, ಹೊರಗಿನವರಿಗೆ ಇನ್ನೊಂದು. ಎದುರು ಮಾತಾಡಿದವನ ಯಂತ್ರ ಬೀದಿಪಾಲು. ಆದರೆ ಇದರಲ್ಲಿ ಯಾವುದೂ ಚಿನ್ನದ ತಗಡನ್ನು ನಂಬಿದ್ದರಿಂದ ಬಂದದ್ದಲ್ಲ. ವಿಲಿಯಂ ಲಾ ಕೂಡ ಆ ಗ್ರಂಥವನ್ನು ನಂಬಿಯೇ ಸಭೆ ಸೇರಿದವನು.

ಸ್ಮಿತ್ ಸತ್ತ ಮೇಲೆ ಅನುಯಾಯಿಗಳು ಒಡೆದರು. ಹೆಚ್ಚಿನವರು ಬ್ರಿಗಮ್ ಯಂಗ್ ಹಿಂದೆ ಪಶ್ಚಿಮಕ್ಕೆ ಹೊರಟು 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದರು. ಅವರದ್ದೇ ಇವತ್ತಿನ ಎಲ್‌ಡಿಎಸ್ ಸಭೆ, ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಸದಸ್ಯರು. ಎಮ್ಮಾ ಹೋಗಲಿಲ್ಲ. ಅವಳ ಮಗ, ಮೂರನೇ ಜೋಸೆಫ್ ಸ್ಮಿತ್, 1860ರಲ್ಲಿ ಇನ್ನೊಂದು ಸಭೆಯ ಮುಖಂಡನಾದ. ಈಗ ಅದರ ಹೆಸರು ಕಮ್ಯುನಿಟಿ ಆಫ್ ಕ್ರೈಸ್ಟ್. ಅವರು ಬಹುಪತ್ನಿತ್ವವನ್ನು ಮೊದಲಿಂದಲೂ ಒಪ್ಪಲಿಲ್ಲ. 1984ರಲ್ಲಿ ಹೆಂಗಸರಿಗೂ ಪೌರೋಹಿತ್ಯದ ಬಾಗಿಲು ತೆರೆದರು. ಈಗ ಅವರ ಅಧ್ಯಕ್ಷರೇ ಒಬ್ಬ ಮಹಿಳೆ. ಅವರಿಗೂ ಸ್ಮಿತ್‌ನೇ ಮೂಲ, ಅದೇ ಗ್ರಂಥ ಅವರಲ್ಲೂ ಇದೆ. ಆದರೆ ಯಾರೂ ಅವರನ್ನು ಕಲ್ಟ್ ಅಂತ ಹೆದರಿ ನೋಡುವುದಿಲ್ಲ.

ಮೂರನೆಯದು ಎಫ್‌ಎಲ್‌ಡಿಎಸ್, ಅಂದರೆ ಮೂಲಭೂತವಾದಿ ಎಲ್‌ಡಿಎಸ್ ಸಭೆ. ಎಲ್‌ಡಿಎಸ್ ಸಭೆ 1852ರಲ್ಲಿ ಬಹುಪತ್ನಿತ್ವವನ್ನು ಬಹಿರಂಗವಾಗಿ ಸಾರಿತ್ತು. ಸರ್ಕಾರದ ಒತ್ತಡ ಜಾಸ್ತಿಯಾಗಿ 1890ರಲ್ಲಿ ಕೈಬಿಡುವುದಾಗಿ ಹೇಳಿತು. 1904ರಲ್ಲಿ ಇನ್ನೂ ಬಿಗಿ ಮಾಡಿತು. ಒಪ್ಪದವರು ಬೇರೆಯಾಗಿ ಯೂಟಾ, ಅರಿಜೋನಾ ಗಡಿಯ ಶಾರ್ಟ್ ಕ್ರೀಕ್‌ನಲ್ಲಿ ನೆಲೆನಿಂತರು. 2002ರಲ್ಲಿ ಅಪ್ಪ ಸತ್ತ ಮೇಲೆ ವಾರೆನ್ ಜೆಫ್ಸ್ ಅಲ್ಲಿನ ಪ್ರವಾದಿಯಾದ. ಅವನು ಮಾಡಿದ್ದನ್ನು ಹೇಳೋಕೇ ಸಂಕಟವಾಗುತ್ತದೆ. ಮಕ್ಕಳನ್ನು ಸರ್ಕಾರಿ ಶಾಲೆ ಬಿಡಿಸಿದರು. ಹದಿಹರೆಯದ ಹುಡುಗರನ್ನು ಊರಿನಿಂದ ಹೊರಹಾಕಿದರು. ಅವನಿಗೆ ಆಗದ ಗಂಡಸಿನ ಹೆಂಡತಿ ಮಕ್ಕಳನ್ನು ಇನ್ನೊಬ್ಬನಿಗೆ ಕೊಟ್ಟುಬಿಟ್ಟ. ಯಾರು ಯಾರನ್ನು ಮದುವೆಯಾಗಬೇಕು ಅಂತ ಅವನೇ ಹೇಳಬೇಕು. 2011ರಲ್ಲಿ ಇಬ್ಬರು ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಜೀವಾವಧಿ ಶಿಕ್ಷೆಯಾಯಿತು. ಒಬ್ಬಳಿಗೆ ಹನ್ನೆರಡು, ಇನ್ನೊಬ್ಬಳಿಗೆ ಹದಿನೈದು ವರ್ಷ.

ಇದಕ್ಕೆ ಮೊದಲು, 2008ರಲ್ಲಿ, ಟೆಕ್ಸಸ್‌ನಲ್ಲಿದ್ದ ಅವರ ವಸತಿಯ ಮೇಲೆ ದಾಳಿ ನಡೆಯಿತು. ಅಧಿಕಾರಿಗಳು 400ಕ್ಕೂ ಹೆಚ್ಚು ಮಕ್ಕಳನ್ನು ತಾಯಂದಿರಿಂದ ಬೇರೆ ಮಾಡಿ ಕರೆದೊಯ್ದರು. ಆ ಗುಂಪಿನ ನಂಬಿಕೆಯೇ ಮಕ್ಕಳಿಗೆ ಅಪಾಯ ಅನ್ನೋದು ಅಧಿಕಾರಿಗಳ ವಾದ. ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ನಂಬಿಕೆಯೊಂದರಿಂದಲೇ ಎಲ್ಲ ಮಕ್ಕಳೂ ಅಪಾಯದಲ್ಲಿದ್ದಾರೆ ಅನ್ನಲಾಗದು ಅಂದಿತು. ಟೆಕ್ಸಸ್‌ನ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಕ್ಕಳು ಮನೆಗೆ ಹೋದರು. ಮುಂದೆ 2011ರಲ್ಲಿ ಜೆಫ್ಸ್‌ಗೆ ಶಿಕ್ಷೆಯಾದದ್ದು ಆ ವಸತಿಯಲ್ಲಿ ಸಿಕ್ಕ ದಾಖಲೆ, ಧ್ವನಿಮುದ್ರಿಕೆಗಳ ಆಧಾರದ ಮೇಲೆ. ಯಾವ ಹುಡುಗಿಗೆ ಏನು ಮಾಡಿದ ಅನ್ನೋದು ಅಲ್ಲಿ ಸಾಬೀತಾಯಿತು. ‘ಕಲ್ಟ್’ ಅನ್ನೋ ಹೆಸರು ಆ ಹುಡುಗಿಯರ ಉಪಯೋಗಕ್ಕೆ ಬರಲಿಲ್ಲ, ಸಾಕ್ಷಿ ಬಂತು.

ಒಬ್ಬನೇ ಪ್ರವಾದಿ, ಒಂದೇ ಗ್ರಂಥ. ಒಂದು ಕವಲು ಹೆಂಗಸರನ್ನು ಅಧ್ಯಕ್ಷರನ್ನಾಗಿ ಮಾಡಿತು. ಇನ್ನೊಂದು ಹನ್ನೆರಡರ ಹುಡುಗಿಯನ್ನು ಪ್ರವಾದಿಗೆ ಒಪ್ಪಿಸಿತು. ಹಾಗಾದರೆ ವ್ಯತ್ಯಾಸ ನಂಬಿಕೆಯಲ್ಲಿ ಇಲ್ಲ ಅಲ್ವಾ? ಅಧಿಕಾರ ಯಾರ ಕೈಯಲ್ಲಿದೆ, ಅವನನ್ನು ತಡೆಯುವವರು ಯಾರು, ಬೇಡ ಅಂದವರಿಗೆ ಏನಾಗುತ್ತದೆ ಅನ್ನೋದರಲ್ಲಿ ಇದೆ. ನಡುವೆ ಇರುವ ದೊಡ್ಡ ಸಭೆಯನ್ನೂ ಹೀಗೇ ನೋಡಬೇಕು.

ಎಲ್‌ಡಿಎಸ್ ಸಭೆ ತನ್ನವರಿಂದ ತುಂಬಾ ಕೇಳುತ್ತದೆ. ಆದಾಯದ ಹತ್ತನೇ ಒಂದು ಪಾಲು ದಶಮಾಂಶ. ಮದ್ಯ, ತಂಬಾಕು ಮಾತ್ರ ಅಲ್ಲ, ಕಾಫಿ ಟೀ ಕೂಡ ಇಲ್ಲ. ನಮ್ಮ ಮನೆಗಳಿಗೆ ಬಂದ ಆ ಹುಡುಗರಿಗೆ ಕಾಫಿ ಕೊಡೋಣ ಅಂದರೆ ಅವರು ನಯವಾಗಿ ನೀರು ಕೇಳೋದು ಇದಕ್ಕೇ. ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮನೆ ಬಿಟ್ಟು ಮತ ಪ್ರಚಾರದ ಸೇವೆಗೆ ಹೋಗುತ್ತಾರೆ. 2019ರವರೆಗೆ ಅವರು ಮನೆಗೆ ಫೋನ್ ಮಾಡಬಹುದಾಗಿದ್ದು ವರ್ಷಕ್ಕೆ ಎರಡು ಸಲ. ಈಗ ವಾರಕ್ಕೊಮ್ಮೆ ಮಾಡಬಹುದು. ಹತ್ತೊಂಬತ್ತರ ಮಗನ ದನಿಯನ್ನು ವರ್ಷಕ್ಕೆ ಎರಡೇ ಸಲ ಕೇಳಿದ ತಾಯಂದಿರು ಲಕ್ಷಾಂತರ ಇದ್ದಾರೆ. ಇನ್ನೊಂದು ಕಡೆ, ಊರಿನ ಬಿಷಪ್‌ಗೆ, ಅಂದರೆ ಅಲ್ಲಿನ ಸಭೆಯ ಮುಖ್ಯಸ್ಥನಿಗೆ, ಸಂಬಳ ಇಲ್ಲ. ಅವನು ಹಲ್ಲಿನ ಡಾಕ್ಟರೋ ಅಂಗಡಿಯವನೋ ಆಗಿರುತ್ತಾನೆ. ಕೆಲವು ವರ್ಷಕ್ಕೆ ಅವನು ಇಳಿಯುತ್ತಾನೆ, ಇನ್ನೊಬ್ಬ ಬರುತ್ತಾನೆ. ತಿಂಗಳಿಗೊಮ್ಮೆ ಎರಡು ಹೊತ್ತು ಉಪವಾಸ ಮಾಡಿ, ಆ ಊಟದ ಹಣವನ್ನು ಬಡವರಿಗೆ ಕೊಡುತ್ತಾರೆ. ಕಾಯಿಲೆ ಬಿದ್ದ ಮನೆಗೆ ಅಡುಗೆ ಮಾಡಿ ತಂದುಕೊಡುವವರು ಇದ್ದಾರೆ. ಇದನ್ನು ನೋಡದೆ ಹೋದವರು ಆ ಜನ ಯಾಕೆ ಅಲ್ಲೇ ಇರುತ್ತಾರೆ ಅನ್ನೋದನ್ನು ಅರ್ಥ ಮಾಡಿಕೊಳ್ಳಲಾರರು.

ಹಣದ ವಿಷಯದಲ್ಲಿ ನನಗೆ ಕೋಪ ಇದೆ. 1959ರ ನಂತರ ಈ ಸಭೆ ತನ್ನ ಖರ್ಚಿನ ವಿವರ ಹೊರಗೆ ಕೊಡೋದನ್ನು ನಿಲ್ಲಿಸಿತು. ಅದರ ಹೂಡಿಕೆ ಸಂಸ್ಥೆ ಎನ್‌ಸೈನ್ ಪೀಕ್, ಷೇರುಗಳ ಗಾತ್ರ ಕಾಣದಿರಲಿ ಅಂತ 13 ಬೇರೆಬೇರೆ ಕಂಪನಿಗಳ ಹೆಸರಲ್ಲಿ ಲೆಕ್ಕ ಸಲ್ಲಿಸುತ್ತಿತ್ತು. 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ ಸಭೆಗೂ ಎನ್‌ಸೈನ್ ಪೀಕ್‌ಗೂ ಸೇರಿಸಿ 50 ಲಕ್ಷ ಡಾಲರ್ ದಂಡ ಹಾಕಿತು. ಹೊಟ್ಟೆ ಕಟ್ಟಿ ಹತ್ತನೇ ಪಾಲು ಕೊಡುವ ಬಡ ಕುಟುಂಬಕ್ಕೆ ಆ ಹಣ ಎಲ್ಲಿದೆ ಅಂತ ತಿಳಿಯುವ ಹಕ್ಕು ಇಲ್ಲವೇ?

ತಪ್ಪು ತಿದ್ದಿಕೊಳ್ಳೋದರಲ್ಲೂ ಹೀಗೇ, ತಿದ್ದಿಕೊಳ್ಳುತ್ತಾರೆ, ಆದರೆ ತುಂಬಾ ತಡ. ಆಫ್ರಿಕಾ ಮೂಲದ ಗಂಡಸರಿಗೆ ಪೌರೋಹಿತ್ಯ ಇಲ್ಲ ಅನ್ನೋ ನಿಯಮ 1852ರಿಂದ 1978ರವರೆಗೆ ನಡೆಯಿತು. ಅದಕ್ಕೆ ಕೊಟ್ಟಿದ್ದ ಹಳೆಯ ಕಾರಣಗಳನ್ನು ಸಭೆ ತಳ್ಳಿಹಾಕಿದ್ದು 2013ರ ಬರಹದಲ್ಲಿ. ಅಷ್ಟರಲ್ಲಿ ಎಷ್ಟು ತಲೆಮಾರು ಹೋಯಿತು! ಸಲಿಂಗ ದಂಪತಿಗಳ ಮಕ್ಕಳಿಗೆ ದೀಕ್ಷಾಸ್ನಾನ ಇಲ್ಲ ಅಂತ 2015ರಲ್ಲಿ ಮಾಡಿದ ನಿಯಮವನ್ನು ಮಾತ್ರ 2019ರಲ್ಲೇ ಹಿಂತೆಗೆದುಕೊಂಡರು. ಒಳಗಿನವರೇ ಬೇಸರಪಟ್ಟರು, ಎಷ್ಟೋ ಜನ ಬಿಟ್ಟುಹೋದರು.

ಬಿಟ್ಟುಹೋಗೋಕೆ ಆಗುತ್ತದೆ, ಇದು ಮುಖ್ಯ. ಹೆಸರು ತೆಗೆಯಿರಿ ಅಂತ ಕಾಗದ ಬರೆದರೆ ತೆಗೆಯುತ್ತಾರೆ. ಯಾರೂ ಬೇಲಿ ಹಾಕಿಲ್ಲ. ಆದರೆ ಬೆಲೆ ಇದೆ, ಮತ್ತು ಆ ಬೆಲೆ ಎಲ್ಲಕ್ಕಿಂತ ಜಾಸ್ತಿ ಕಾಣೋದು ಮದುವೆಯಲ್ಲಿ. ಅವರ ದೇವಾಲಯದೊಳಗೆ ಹೋಗಲು ಬಿಷಪ್‌ನ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಚೀಟಿ ಪಡೆಯಬೇಕು. ದಶಮಾಂಶ ಕೊಡುತ್ತೀಯಾ, ನಿಯಮ ಪಾಲಿಸುತ್ತೀಯಾ ಅಂತ ಕೇಳುತ್ತಾರೆ. ಚೀಟಿ ಇಲ್ಲದವರು ಅಲ್ಲಿನ ಮದುವೆ ನೋಡುವ ಹಾಗಿಲ್ಲ, ಅಪ್ಪ ಅಮ್ಮ ಆದರೂ ಸರಿ. ಅಮೆರಿಕದಲ್ಲಿ, ಮೊದಲು ಹೊರಗೆ ಮದುವೆಯಾದರೆ ದೇವಾಲಯದ ಮದುವೆಗೆ ಒಂದು ವರ್ಷ ಕಾಯಬೇಕಿತ್ತು. ಹಾಗಾಗಿ ಮಗಳ ಮದುವೆಯ ದಿನ ಹೊರಗಿನ ಬೆಂಚಿನ ಮೇಲೆ ಕೂತು ಕಾದ ತಂದೆ ತಾಯಂದಿರು ಎಷ್ಟೋ. ಧಾರೆ ಎರೆಯಬೇಕಾದವರು ಹೊರಗೆ ಅಂದರೆ ನಮ್ಮಲ್ಲಿ ಹೇಗಿರುತ್ತದೆ, ಯೋಚಿಸಿ. ಜಾತಿಯ ಬಹಿಷ್ಕಾರ ಕಂಡ ಊರುಗಳವರು ನಾವು. ಬಾಗಿಲು ತೆರೆದಿದ್ದರೂ ದಾಟೋಕೆ ಆಗದ ಸ್ಥಿತಿ ಏನು ಅಂತ ನಮಗೆ ಗೊತ್ತು. ಆ ಒಂದು ವರ್ಷದ ನಿಯಮವನ್ನು 2019ರ ಮೇ ತಿಂಗಳಲ್ಲಿ ತೆಗೆದರು.

ನನ್ನ ಉತ್ತರ ಇದು. ಜೆಫ್ಸ್ ಕೈಯಲ್ಲಿದ್ದ ಗುಂಪಿಗೆ ಕಲ್ಟ್ ಅಂದರೆ ನಾನು ಬೇಡ ಅನ್ನಲ್ಲ. ಇವತ್ತಿನ ಎಲ್‌ಡಿಎಸ್ ಸಭೆಗೆ ಆ ಹೆಸರು ಸಲ್ಲದು. ಅದು ತನ್ನವರನ್ನು ಬಿಗಿಯಾಗಿ ಹಿಡಿದಿಡುವ, ಹಣದ ಲೆಕ್ಕ ಮುಚ್ಚಿಡುವ, ಮೇಲಿನಿಂದ ಮಾತ್ರ ಬದಲಾಗುವ ಒಂದು ಧರ್ಮ. ಈ ಮೂರು ದೂರನ್ನೂ ಹೆಸರಿಟ್ಟು ಹೇಳೋಣ. ಕಲ್ಟ್ ಅಂದುಬಿಟ್ಟರೆ ಅವರು ಆ ಪದದ ಮೇಲೆ ಜಗಳ ಆಡುತ್ತಾರೆ. ದಶಮಾಂಶದ ಲೆಕ್ಕ ಎಲ್ಲಿ ಅಂದರೆ ಲೆಕ್ಕ ತೋರಿಸಬೇಕಾಗುತ್ತದೆ.

ಮಾತು ಮುಗಿಸಿ ಕೂತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದರು. “ಸರ್, ಅದೆಲ್ಲ ಸರಿ. ನಾಳೆ ನನ್ನ ಮಗ ಬಂದು ನಾನು ಇವರ ಜೊತೆ ಸೇರ್ತೀನಿ ಅಂದ್ರೆ ನಾನು ಏನು ಮಾಡ್ಲಿ?” ಸಭೆಯಲ್ಲಿ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆದಿಡುತ್ತೇನೆ.

ಅಮ್ಮಾ, ಮೊದಲು ಆ ಹುಡುಗರನ್ನು ಮನೆಗೆ ಕರೆಯಿರಿ. ಊಟ ಹಾಕಿ. ಸಭೆಯೇ ಪ್ರಕಟಿಸಿದ 2013, 2014ರ ಬರಹಗಳನ್ನು ದೀಕ್ಷಾಸ್ನಾನಕ್ಕೆ ಮೊದಲೇ ಓದು ಅಂತ ಮಗನಿಗೆ ಹೇಳಿ. ಓದಿದ ಮೇಲೂ ಹೋಗ್ತೀನಿ ಅಂದರೆ ಅದು ಅವನ ತೀರ್ಮಾನ. ದೀಕ್ಷಾಸ್ನಾನದ ದಿನ ಕರೆದರೆ ಹೋಗಿ, ಅದಕ್ಕೆ ಯಾರು ಬೇಕಾದರೂ ಹೋಗಬಹುದು. ಮುಂದೆ ಅವನ ಮದುವೆ ದೇವಾಲಯದಲ್ಲಿ ಅಂತ ಗೊತ್ತಾದರೆ ಮಾತ್ರ ಒಂದು ಮಾತು ಕೇಳಿ. ಮೊದಲು ಹೊರಗೆ ಮದುವೆಯಾಗು, ನಾನು ಅಕ್ಷತೆ ಹಾಕಬೇಕು ಅನ್ನಿ. ಅದಕ್ಕೆ ಈಗ ಅವರ ಸಭೆಯ ಅಡ್ಡಿ ಇಲ್ಲ.